ಒಂಟಿ ಈಡಿನ ಅಗ್ಗದ ರೈಫಲ್: ನಾಲ್ಕೂಕಾಲು ಇಂಚಿನಿಂದ ಒಂದೂಕಾಲು ಇಂಚಿಗೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ರೈಫಲ್ ಸೀಸನ್ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಶುರುವಾಗುತ್ತದೆ. 2018ರವರೆಗೆ ಸೋಮವಾರ ಇತ್ತು, 2019ರಿಂದ ಶನಿವಾರ. ನನ್ನ ಕೈಗೆ ರೈಫಲ್ ಬಂದಿದ್ದು ಆಗಸ್ಟ್ ಮೊದಲ ವಾರ. ಅಂದರೆ ಹದಿನಾರು ವಾರ ಟೈಮು. ಜಾಸ್ತಿ ಆಯ್ತು ಅಂದುಕೊಂಡಿದ್ದೆ. ಜಾಸ್ತಿ ಆಗಲಿಲ್ಲ.

ರೈಫಲ್ ಸೆಕೆಂಡ್ ಹ್ಯಾಂಡು. 230 ಡಾಲರ್. ಕಂಪನಿ ಯಾವುದು ಅಂತ ಹೇಳುವುದಿಲ್ಲ. ಈ ಬೆಲೆಯ ಮಡಚುವ ರೈಫಲ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ. ನಳಿಗೆ ಮಡಚಿ ಒಂದು ತೋಟಾ ಹಾಕು, ಮುಚ್ಚು, ಹೆಬ್ಬೆರಳಲ್ಲಿ ಹಿಂದಿನ ಸುತ್ತಿಗೆ, ಅಂದರೆ ಕುದುರೆ, ಎಳೆ, ಹೊಡೆ. ಎರಡನೇ ಈಡು ಬೇಕಾದರೆ ಮತ್ತೆ ಮೊದಲಿಂದ. 22 ಇಂಚಿನ ತೆಳ್ಳಗಿನ ನಳಿಗೆ, ಬರ್ಚ್ ಮರದ ಹಿಡಿ, ಮೇಲೆ ಗುರಿ ನೋಡಲು 3-9 ಪವರಿನ ಸಾಧಾರಣ ಸ್ಕೋಪ್ (ದುರ್ಬೀನು). ತೋಟಾ .243 ವಿಂಚೆಸ್ಟರ್. 1955ರಲ್ಲಿ ಬಂದ ತೋಟಾ ಇದು. .308 ಅನ್ನುವ ತೋಟಾದ ಕುತ್ತಿಗೆಯನ್ನು ಸಣ್ಣದು ಮಾಡಿದ್ದು. ಭುಜಕ್ಕೆ ಒದೆತ ಕಡಿಮೆ, ಜಿಂಕೆಗೆ ಬೇಕಾದಷ್ಟು ಸಾಕು.

ಈ ಜಾತಿಯೇ ಯಾಕೆ ಅಂತ ಆಫೀಸಿನಲ್ಲಿ ಎಲ್ಲರೂ ಕೇಳಿದರು. ನಾನು ಮಲೆನಾಡಿನವನು. ಅಜ್ಜನ ಮನೆಯ ಬಾಗಿಲ ಹಿಂದೆ ಬೆಳೆ ಕಾಯಲು ಲೈಸೆನ್ಸ್ ತೆಗೆದ 12 ಬೋರಿನ ಒಂಟಿ ನಳಿಗೆ ಕೋವಿ ಇರುತ್ತಿತ್ತು. ಅದೂ ಹೀಗೇ ಮಡಚುವುದೇ. ಚುನಾವಣೆ ಬಂದಾಗ ಅಪ್ಪಯ್ಯ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಿದ್ದರು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನುವುದು ಹಳಬರ ಕಥೆ ಅಷ್ಟೇ. ಆ ಕೋವಿ ಮಂಗನನ್ನು ಹೆದರಿಸಿದ್ದೇ ಹೆಚ್ಚು. ಆದರೆ ಅದನ್ನು ಬಿಚ್ಚಿ ಎಣ್ಣೆ ಹಾಕುವ ಕೆಲಸ ನನ್ನದಾಗಿತ್ತು. ಅಂಗಡಿಯಲ್ಲಿ ಈ ರೈಫಲ್ ಮಡಚಿದಾಗ ಬಂತಲ್ಲ ಆ 'ಟಕ್' ಸದ್ದು, ಅಲ್ಲೇ ನಾನು ಸೋತೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಮ್ಮವರು ತುಂಬ ಜನ ಕೇಳುತ್ತಾರೆ. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳಲು ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ನಾನು ಆ ರಗಳೆಯೇ ಬೇಡ ಅಂತ ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಬೇಟೆಯ ತರಗತಿ ಮುಗಿಸದೆ ಮೊದಲ ಲೈಸೆನ್ಸ್ ಕೂಡ ಸಿಗುವುದಿಲ್ಲ.

ಮೊದಲ ದಿನ

ಸರ್ಕಾರಿ ಬೇಟೆ ಜಮೀನಿನಲ್ಲಿ ಇರುವ ಶೂಟಿಂಗ್ ರೇಂಜ್ ಮನೆಯಿಂದ ಅರ್ಧ ಗಂಟೆ. ಲೈಸೆನ್ಸ್ ಇದ್ದರೆ ದುಡ್ಡಿಲ್ಲ. 100 ಗಜದಲ್ಲಿ ಕಾಗದ ಹಚ್ಚಿ, ಮರಳುಚೀಲದ ಮೇಲೆ ರೈಫಲ್ ಇಟ್ಟು ಐದು ಗುಂಡು ಹೊಡೆದೆ. ಐದೂ ತೂತುಗಳ ಗುಂಪಿನ ಅಗಲ ನಾಲ್ಕೂಕಾಲು ಇಂಚು.

ಅಳೆಯುವುದು ಹೀಗೆ: ದೂರ ದೂರ ಬಿದ್ದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಒಂದು ಗುಂಡಿನ ಅಗಲ ಕಳೆಯುವುದು. ಇಲ್ಲಿ ಕಾಲು ಇಂಚಿಗೆ ಚೂರು ಕಡಿಮೆ. ಮೂರು ಗುಂಡಿನ ಗುಂಪು ಅಳೆದು ಖುಷಿಪಡುವವರು ಬಹಳ. ಮೂರು ಗುಂಡು ಅದೃಷ್ಟದಿಂದಲೂ ಹತ್ತಿರ ಬೀಳುತ್ತವೆ. ನಾನು ಐದಕ್ಕಿಂತ ಕಡಿಮೆ ಹೊಡೆದು ಏನನ್ನೂ ಬರೆದುಕೊಳ್ಳಲಿಲ್ಲ.

ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಎಂಟು ಇಂಚು ಅಗಲ, ಒಂದು ಪೇಪರ್ ತಟ್ಟೆಯಷ್ಟು. ಹಾಗೆ ನೋಡಿದರೆ ನಾಲ್ಕೂಕಾಲು ಇಂಚಿನಲ್ಲೂ ಬೇಟೆ ನಡೆಯುತ್ತದೆ. ಆದರೆ ಅದು ಬೆಂಚಿನ ಮೇಲೆ ಕೂತು, ಉಸಿರು ಹಿಡಿದು ಹೊಡೆದದ್ದು. ಚಳಿಯಲ್ಲಿ ಕೈ ನಡುಗುವಾಗ ಅದೇ ನಾಲ್ಕು ಎಂಟಾಗುತ್ತದೆ. ಪ್ರಾಣಿಗೆ ಗಾಯ ಮಾಡಿ ಓಡಿಸುವುದು ನನಗೆ ಬೇಡವಾಗಿತ್ತು.

ಕಾಗದ ಬಿಚ್ಚಿ ನೋಡಿದಾಗ ಒಂದು ವಿಷಯ ಕಂಡಿತು. ತೂತುಗಳು ಸುತ್ತಮುತ್ತ ಚದುರಿರಲಿಲ್ಲ. ಏಣಿ ಇಟ್ಟ ಹಾಗೆ ಕೆಳಗಿನಿಂದ ಮೇಲಕ್ಕೆ ಹತ್ತಿದ್ದವು. ಒಂದನೆಯದು ಕೆಳಗೆ, ಐದನೆಯದು ಮೇಲೆ. ಅಡ್ಡಡ್ಡ ಒಂದೂವರೆ ಇಂಚೂ ಇರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ಎಲ್ಲ ಕೇಳಿಸಿಕೊಂಡು, "ಗುರಿ ಎತ್ಲಾಗೆ ಹೋಗ್ತದೆ ಮಾರಾಯ?" ಅಂದರು.

"ಮೇಲೆ ಅಪ್ಪಯ್ಯ. ಬಿಸಿ ಆದ ಹಾಗೆಲ್ಲ ಮೇಲೆ."

"ಹಂಗಾರೆ ಕಬ್ಬಿಣ ನೋಡ್ಬೇಡ, ಮರ ನೋಡು. ನಮ್ಮ ಕೋವಿ ಮಳೆಗಾಲದಲ್ಲಿ ಮಡಚಕ್ಕೇ ಬರ್ತಿರಲಿಲ್ಲ, ಮರ ಉಬ್ಬಿ."

ನಾನು ಆ ಮಾತು ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಕೇಳಲಿಲ್ಲ. ಮೊದಲು ಸ್ಕೋಪ್ ಮೇಲೆ ಅನುಮಾನ ಬಂತು. ಗೆಳೆಯನ ದುಬಾರಿ ಸ್ಕೋಪ್ ಕೇಳಿ ತಂದು ಹಾಕಿದೆ. ಅದೇ ನಾಲ್ಕು ಇಂಚು, ಇನ್ನೂ ಚೆನ್ನಾಗಿ ಕಾಣಿಸಿತು ಅಷ್ಟೇ.

ತಿರುಪು, ತಾಮ್ರ, ಚಿಲಕ

ಆದರೂ ಸ್ಕೋಪ್ ಬಿಚ್ಚಿದ್ದಕ್ಕೆ ಒಂದು ಲಾಭ ಆಯಿತು. ಕೆಳಗಿನ ಪಟ್ಟಿಯನ್ನು ನಳಿಗೆಗೆ ಹಿಡಿದಿರುವ ತಿರುಪುಗಳಲ್ಲಿ ಒಂದು ಬೆರಳಲ್ಲೇ ತಿರುಗುತ್ತಿತ್ತು. ಎಲ್ಲ ತೆಗೆದು, ಅಸಿಟೋನ್‌ನಲ್ಲಿ ಎಣ್ಣೆ ಜಿಡ್ಡು ತೊಳೆದು, ತಿರುಪು ಸಡಿಲವಾಗದ ಹಾಗೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೊಂದು ಹನಿ ಹಾಕಿ, ಟಾರ್ಕ್ ಸ್ಕ್ರೂಡ್ರೈವರಿನಲ್ಲಿ 18 ಇಂಚ್-ಪೌಂಡಿಗೆ ಬಿಗಿ ಮಾಡಿದೆ. ಇವು ಸಣ್ಣ ತಿರುಪುಗಳು. ಕೈ ಅಂದಾಜಿನಲ್ಲಿ ಬಿಗಿದರೆ ಒಂದೋ ಸಡಿಲ, ಇಲ್ಲವೋ ತಲೆ ಕಿತ್ತು ಬರುತ್ತದೆ. ನೀಲಿಯೇ ಹಾಕಿ. ಕೆಂಪು ಹಾಕಿದರೆ ಆಮೇಲೆ ಬಿಚ್ಚಲು ಬಿಸಿ ಮಾಡಬೇಕು.

ಗುಂಪು ಮೂರೂವರೆಗೆ ಇಳಿಯಿತು. ಏಣಿ ಮಾತ್ರ ಹಾಗೇ ಇತ್ತು.

ಆಮೇಲೆ ನಳಿಗೆ ಕ್ಲೀನಿಂಗ್. ಮಡಚುವ ರೈಫಲ್‌ನ ಒಂದು ಸುಖ ಅಂದರೆ ಹಿಂದಿನಿಂದಲೇ ಕೋಲು ತೂರಿಸಬಹುದು, ಗುಂಡು ಹೋಗುವ ದಿಕ್ಕಿನಲ್ಲೇ. ಮೂತಿಯ ಅಂಚು ಸವೆಯುವ ಭಯ ಇಲ್ಲ. ಬಟ್ಟೆ ತುಂಡಿಗೆ ತಾಮ್ರ ಕರಗಿಸುವ ದ್ರಾವಣ ಹಾಕಿ ತೂರಿಸಿದೆ. ಮಯಿಲುತುತ್ತದ ಬಣ್ಣ ಬಂತು. ತೋಟದವರಿಗೆ ಬೋರ್ಡೋ ದ್ರಾವಣ ಗೊತ್ತಲ್ಲ, ಅದೇ ನೀಲಿ. ಗುಂಡಿನ ಮೇಲಿನ ತಾಮ್ರದ ಹೊದಿಕೆ ನಳಿಗೆಯ ಒಳಗೆ ಮೆತ್ತಿಕೊಂಡು ಕೂತಿತ್ತು. ಹಳೇ ಯಜಮಾನ ವರ್ಷಗಟ್ಟಲೆ ತೊಳೆದಿರಲಿಲ್ಲ ಅಂತ ಕಾಣುತ್ತದೆ. ಬಟ್ಟೆ ಬಿಳಿಯಾಗಿ ಹೊರಬರಲು ಮೂರು ಸಂಜೆ ಬೇಕಾಯಿತು. ಅಮೋನಿಯಾ ನಾತಕ್ಕೆ ಹೆಂಡತಿ ಗ್ಯಾರೇಜಿನ ಬಾಗಿಲು ಹಾಕಿಸಿದಳು. ಗುಂಪು ಮೂರು ಇಂಚು.

ಕೀಲು ಮತ್ತು ಚಿಲಕದ ಕೆಲಸ ಬೇಗ ಮುಗಿಯಿತು. ನಳಿಗೆಯ ಕೆಳಗಿನ ಮರದ ತುಂಡು (ಫೋರೆಂಡ್) ತೆಗೆದು, ಖಾಲಿ ರೈಫಲ್ ಮುಚ್ಚಿ, ನಳಿಗೆ ಅಲ್ಲಾಡಿಸಿ ನೋಡಿದೆ. ಅಲ್ಲಾಡಲಿಲ್ಲ. ನಳಿಗೆಯ ಹಿಂಬದಿಗೂ ಬಾಡಿಗೂ ನಡುವೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರೆ ಇಂಚಿನ ಸಾವಿರದಲ್ಲಿ ಮೂರು ಭಾಗದ ಎಲೆ ಬಿಗಿಯಾಗಿ ಹೋಯಿತು. ಸರಿಯಾಗಿಯೇ ಇದೆ. ಚಿಲಕ ಕೂರುವ ಮೆಟ್ಟಿಲ ಮೇಲೆ ಮಾತ್ರ ಹಳೇ ಗ್ರೀಸು, ಮಸಿ ಸೇರಿ ಗಟ್ಟಿಯಾದ ಕಿಟ್ಟ ಇತ್ತು. ಕೆರೆದು ತೆಗೆದೆ. ಕೀಲಿಗೆ ಗ್ರೀಸ್ ಬೇಕು, ಚಿಲಕದ ಮೆಟ್ಟಿಲು ಒಣಗಿರಬೇಕು. ಅಲ್ಲಿ ಜಿಡ್ಡಿದ್ದರೆ ಚಿಲಕ ಒಂದೊಂದು ಸಲ ಒಂದೊಂದು ಆಳಕ್ಕೆ ಕೂರುತ್ತದೆ. ಮುಚ್ಚುವಾಗಲೂ ಅಷ್ಟೇ. ಒಮ್ಮೆ ಮೆಲ್ಲಗೆ, ಒಮ್ಮೆ ಪಟಾರ್ ಅಂತ ಮುಚ್ಚಬಾರದು. ಪ್ರತಿ ಸಲ ಒಂದೇ ಜೋರು.

ಮರ

ಕೊನೆಗೂ ಅಪ್ಪಯ್ಯನ ಮಾತಿಗೆ ಬಂದೆ.

ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರದ ತುಂಡಿಗೆ ಇಲ್ಲಿ ಫೋರೆಂಡ್ ಅನ್ನುತ್ತಾರೆ. ಈ ರೈಫಲ್‌ನಲ್ಲಿ ಅದು ಒಂದೇ ಒಂದು ತಿರುಪಿನಲ್ಲಿ ನಿಂತಿದೆ. ನಳಿಗೆಯ ಹೊಟ್ಟೆಗೆ ಒಂದು ಕಬ್ಬಿಣದ ಗುಬುಟು ಬೆಸೆದಿರುತ್ತಾರೆ, ಆ ತಿರುಪು ಅದಕ್ಕೆ ಸೇರುತ್ತದೆ. ಮರದ ಹಿಂಭಾಗ ಕೀಲಿನ ಹತ್ತಿರ ಬಾಡಿಗೆ ಒತ್ತಿಕೊಂಡಿರುತ್ತದೆ. ಮುಂಭಾಗ ನಳಿಗೆಯನ್ನು ಮುಟ್ಟಬಹುದು, ಮುಟ್ಟದೆಯೂ ಇರಬಹುದು. ನನ್ನದರಲ್ಲಿ ಚೆನ್ನಾಗಿಯೇ ಮುಟ್ಟಿತ್ತು. ಒಂದು ಡಾಲರ್ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ಎಳೆದು ನೋಡಿದೆ. ತುದಿಯಿಂದ ಎರಡು ಇಂಚು ಒಳಗೇ ಸಿಕ್ಕಿಕೊಂಡಿತು.

ಈಗ ಏಣಿ ಅರ್ಥವಾಯಿತು. ಗುಂಡು ಹೊಡೆದಾಗ ನಳಿಗೆ ತಂತಿಯ ಹಾಗೆ ಕಂಪಿಸುತ್ತದೆ. ಪ್ರತಿ ಸಲ ಒಂದೇ ರೀತಿ ಕಂಪಿಸಿದರೆ ಗುಂಡು ಒಂದೇ ಕಡೆ ಹೋಗುತ್ತದೆ. ತೆಳ್ಳಗಿನ ನಳಿಗೆ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಮರ ಹಿಗ್ಗುವುದಿಲ್ಲ. ಒಂದು ಕಡೆ ತಿರುಪು ಹಿಡಿದಿದೆ, ಇನ್ನೊಂದು ಕಡೆ ಬಾಡಿ ತಡೆದಿದೆ, ತುದಿಯಲ್ಲಿ ಮರ ಕೆಳಗಿನಿಂದ ಒತ್ತುತ್ತಿದೆ. ಪ್ರತಿ ಈಡಿಗೂ ಆ ಒತ್ತಡ ಜಾಸ್ತಿ. ಗುಂಡು ಮೇಲೆ ಹತ್ತದೆ ಇನ್ನೇನು ಮಾಡುತ್ತದೆ?

ಮುಕ್ಕಾಲು ಇಂಚಿನ ಮರದ ಕೋಲಿಗೆ ಉಪ್ಪುಕಾಗದ ಸುತ್ತಿ ಫೋರೆಂಡಿನ ಒಳಗಿನ ಕಾಲುವೆ ಉಜ್ಜಲು ಕೂತೆ. ಮೊದಲು 80 ನಂಬರ್, ಆಮೇಲೆ 150. ಹತ್ತು ಸಲ ಉಜ್ಜು, ಹಾಕಿ ನೋಡು, ನೋಟು ಎಳೆ, ತೆಗೆ, ಮತ್ತೆ ಉಜ್ಜು. ಬಲಗಡೆ ಸ್ವಲ್ಪ ಜಾಸ್ತಿಯೇ ಹೋಯಿತು. ಈಗಲೂ ಮುಂದಿನಿಂದ ನೋಡಿದರೆ ಎಡ ಬಲ ಸಂದು ಒಂದೇ ಸಮ ಇಲ್ಲ. ಜಿಂಕೆ ನೋಡುವುದಿಲ್ಲ, ಬಿಡಿ. ಎರಡು ಸಂಜೆ ಕಳೆದ ಮೇಲೆ ನೋಟು ತಿರುಪಿನವರೆಗೂ ಸಲೀಸಾಗಿ ಓಡಿತು. ಉಜ್ಜಿದ ಜಾಗ ಹಸಿ ಮರ. ಹಾಗೇ ಬಿಟ್ಟರೆ ನೀರು ಕುಡಿದು ಉಬ್ಬುತ್ತದೆ, ಆಷಾಢದಲ್ಲಿ ನಮ್ಮ ಮನೆ ಬಾಗಿಲು ಹಿಡಿಯುವ ಹಾಗೆ. ಅಗಸೆ ಎಣ್ಣೆ ಮೂರು ಕೋಟು ಹಚ್ಚಿ ಒಂದು ವಾರ ಒಣಗಿಸಿದೆ.

ಉಜ್ಜಿದ್ದು ಅರ್ಧ ಕೆಲಸ. ಇನ್ನರ್ಧ ಒಂದು ಓ-ರಿಂಗ್. ಈ ಜಾತಿ ರೈಫಲ್ ಇಟ್ಟುಕೊಂಡವರಲ್ಲಿ ಇದು ಹಳೇ ಉಪಾಯ, ನನ್ನ ಕಂಡುಹಿಡಿತ ಅಲ್ಲ. ನಳಿಗೆಯ ಗುಬುಟಿಗೂ ಮರಕ್ಕೂ ನಡುವೆ, ತಿರುಪಿನ ಸುತ್ತ, ನಲ್ಲಿ ರಿಪೇರಿಗೆ ಬಳಸುವ ಒಂದು ರಬ್ಬರ್ ಉಂಗುರ ಇಡುವುದು. ಆಗ ಮರ ಕಬ್ಬಿಣಕ್ಕೆ ಗಟ್ಟಿಯಾಗಿ ಕೂರುವುದಿಲ್ಲ, ರಬ್ಬರ್ ಮೇಲೆ ತೇಲುತ್ತದೆ. ನಳಿಗೆ ಹಿಗ್ಗಿದರೆ ರಬ್ಬರ್ ಬಿಟ್ಟುಕೊಡುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ದಪ್ಪದ್ದು ತಂದೆ. ತಪ್ಪು. ಮರ ನಳಿಗೆಯಿಂದ ದೂರ ನಿಂತು ಗಡಗಡ ಅಲ್ಲಾಡಿತು, ಗುಂಪು ಮತ್ತೆ ಮೂರೂವರೆಗೆ ಹೋಯಿತು. ವಾಪಸ್ ಹೋಗಿ 3/32 ಇಂಚು ದಪ್ಪದ್ದು, ಹತ್ತರ ಪ್ಯಾಕೆಟ್, ಎರಡೂವರೆ ಡಾಲರ್‌ಗೆ ತಂದೆ. ತಿರುಪು ರಬ್ಬರಿಗೆ ತಾಗಿದ ಮೇಲೆ ಅರ್ಧ ಸುತ್ತು ಅಷ್ಟೇ. ತಿರುಪಿನ ತಲೆಯ ಗೀರು ಯಾವ ಕಡೆ ನಿಂತಿತೋ ಅಲ್ಲಿ ಮರದ ಮೇಲೆ ಪೆನ್ಸಿಲ್ ಗುರುತು. ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಗೀರು ಅಲ್ಲಿಗೇ ಬರಬೇಕು.

ಸೆಪ್ಟೆಂಬರ್ ಮೂರನೇ ಭಾನುವಾರ. ಐದು ಗುಂಡು. ಒಂದೂಮುಕ್ಕಾಲು ಇಂಚು. ಏಣಿ ಇಲ್ಲ. ದುಂಡಗೆ, ದೋಸೆಯ ಹಾಗೆ. ಕಾಗದದ ಫೋಟೋ ಊರಿಗೆ ಕಳಿಸಿದೆ. "ಹ್ಞೂಂ" ಅಂತ ಒಂದೇ ಉತ್ತರ ಬಂತು.

ಚೀಲ ಎಲ್ಲಿಡಬೇಕು

ಇಲ್ಲಿಂದ ಮುಂದೆ ರೈಫಲ್‌ಗಿಂತ ನನ್ನ ತಪ್ಪುಗಳೇ ಜಾಸ್ತಿ.

ಮುಂದಿನ ಮರಳುಚೀಲವನ್ನು ನಾನು ಫೋರೆಂಡಿನ ತುದಿಯ ಕೆಳಗೆ ಇಡುತ್ತಿದ್ದೆ. ಬೋಲ್ಟ್ ರೈಫಲ್‌ನಲ್ಲಿ (ಮಡಚದೆ, ಪಕ್ಕದ ಹಿಡಿ ಎಳೆದು ತೋಟಾ ಹಾಕುವ ಜಾತಿ) ಅದು ನಡೆಯುತ್ತದೆ, ಯಾಕಂದರೆ ಅಲ್ಲಿ ಮರ ಬಾಡಿಗೆ ಸೇರಿದ್ದು. ಇಲ್ಲಿ ಫೋರೆಂಡ್ ನೇತಾಡುತ್ತಿರುವುದು ನಳಿಗೆಗೆ. ಅದರ ತುದಿಯನ್ನು ಒತ್ತಿದರೆ ನಳಿಗೆಯನ್ನೇ ಒತ್ತಿದ ಹಾಗೆ. ಚೀಲವನ್ನು ಹಿಂದಕ್ಕೆ ತಂದು ಕೀಲಿನ ಕೆಳಗೆ, ಟ್ರಿಗರ್ ಗಾರ್ಡಿನ ಮುಂದೆ ಇಟ್ಟೆ. ಗುಂಡು ಬೀಳುವ ಜಾಗವೇ ಎರಡು ಇಂಚು ಕೆಳಗೆ ಹೋಯಿತು! ಅದೇ ತೋಟಾ, ಅದೇ ಕೈ. ಚೀಲ ಐದು ಇಂಚು ಸರಿದದ್ದಕ್ಕೆ ಎರಡು ಇಂಚಿನ ವ್ಯತ್ಯಾಸ. ಕಾಡಿನಲ್ಲಿ ಮರದ ಕೊಂಬೆಗೋ ಬೇಲಿಗೋ ರೈಫಲ್ ಒರಗಿಸುವಾಗಲೂ ಇದೇ ಲೆಕ್ಕ. ಕೀಲಿನ ಹತ್ತಿರ ಒರಗಿಸಬೇಕು. ನಳಿಗೆಯನ್ನಂತೂ ಯಾವುದಕ್ಕೂ ತಾಗಿಸಬಾರದು.

ಟ್ರಿಗರ್ ವಿಪರೀತ ಬಿಗಿ ಇತ್ತು. ತಕ್ಕಡಿಯಲ್ಲಿ ಆರೂವರೆ ಪೌಂಡ್. ರೈಫಲ್‌ನ ತೂಕವೇ ಏಳು ಪೌಂಡ್ ಅಂದಮೇಲೆ ಟ್ರಿಗರ್ ಎಳೆಯುವಾಗ ರೈಫಲ್ಲೇ ಜೊತೆಗೆ ಬರುತ್ತದೆ. ಇದೊಂದನ್ನು ನಾನು ಮುಟ್ಟಲಿಲ್ಲ. ಒಳಗೆ ಒಂದು ಸಣ್ಣ ಪಟ್ಟಿ ಇದೆ. ಟ್ರಿಗರ್ ಎಳೆದಿದ್ದಾಗ ಮಾತ್ರ ಅದು ಎದ್ದು ನಿಂತು ಕುದುರೆಯ ಪೆಟ್ಟನ್ನು ತೋಟಾ ಹೊತ್ತಿಸುವ ಪಿನ್ನಿಗೆ ದಾಟಿಸುತ್ತದೆ. ಟ್ರಿಗರ್ ಬಿಟ್ಟರೆ ಪಟ್ಟಿ ಕೆಳಗೆ, ಕುದುರೆ ಬಿದ್ದರೂ ಪಿನ್ನಿಗೆ ತಾಗುವುದಿಲ್ಲ. ರೈಫಲ್ ಕೈಜಾರಿ ಬಿದ್ದಾಗ ಕಾಪಾಡುವುದು ಅದೇ ಪಟ್ಟಿ. ಅದರ ಅಕ್ಕಪಕ್ಕ ಅರ ಹಿಡಿದು ಕೂರುವುದು ನನ್ನಂಥವನ ಕೆಲಸ ಅಲ್ಲ. ಗನ್‌ಸ್ಮಿತ್ ಹತ್ತಿರ ಕೊಟ್ಟೆ. ಎಪ್ಪತ್ತು ಡಾಲರ್, ಹತ್ತು ದಿನ, ಮೂರೂಮುಕ್ಕಾಲು ಪೌಂಡ್.

ಆದರೆ ಆ ಪಟ್ಟಿಯಿಂದ ಒಂದು ಪಾಠ ಸಿಕ್ಕಿತು. ದೊಡ್ಡ ಕುದುರೆ ಬಾಗಿ ಬಂದು ಪಟ್ಟಿಗೆ ಬಡಿದು, ಪಟ್ಟಿ ಪಿನ್ನಿಗೆ ಬಡಿದು, ಆಮೇಲೆ ತೋಟಾ ಹೊತ್ತುತ್ತದೆ. ಬೋಲ್ಟ್ ರೈಫಲ್‌ಗಿಂತ ಇದು ನಿಧಾನ. ಕಣ್ಣಿಗೆ ಕಾಣದಷ್ಟು ಹೊತ್ತೇ ಆದರೂ ಅಷ್ಟರಲ್ಲಿ ನಾನು ತಲೆ ಎತ್ತಿ ನೋಡಿಬಿಡುತ್ತಿದ್ದೆ. ಅಕ್ಟೋಬರಿನ ಹದಿನೈದು ರಾತ್ರಿ, ಡಮ್ಮಿ ತೋಟಾ ಹಾಕಿಕೊಂಡು, ನೆಲಮಾಳಿಗೆಯ ಗೋಡೆಗೆ ಅಂಟಿಸಿದ ಚುಕ್ಕಿಗೆ ಗುರಿಯಿಟ್ಟು ದಿನಕ್ಕೆ ಇಪ್ಪತ್ತು ಸಲ ಟ್ರಿಗರ್ ಎಳೆದೆ. ಕುದುರೆ ಬಿದ್ದ ಮೇಲೂ ಟ್ರಿಗರ್ ಹಿಂದಕ್ಕೇ ಹಿಡಿದಿರಬೇಕು, ಚುಕ್ಕಿ ಅಲುಗಬಾರದು. ಹತ್ತನೇ ರಾತ್ರಿಗೆ ಅಲುಗುವುದು ನಿಂತಿತು. ಗುಂಪು ಒಂದೂವರೆ.

ತೋಟಾ

ದುಡ್ಡು ಹೋಗಿದ್ದು ಇಲ್ಲಿ. ಇಪ್ಪತ್ತರ ಪೆಟ್ಟಿಗೆಗೆ 35ರಿಂದ 45 ಡಾಲರ್. ನಾಲ್ಕು ಬಗೆ ತಂದೆ. 80 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡಿನದು ಎರಡು ಇಂಚಿಗೆ ಹತ್ತಿರ. 95 ಗ್ರೇನ್ ಒಂದೂವರೆ. 100 ಗ್ರೇನಿನಲ್ಲಿ ಎರಡು ಕಂಪನಿಯದು ಹೊಡೆದೆ. ಒಂದು ಎರಡೂವರೆ, ಇನ್ನೊಂದು ಒಂದೂಕಾಲು. ತೂಕ ಒಂದೇ ಇದ್ದರೂ ಹೀಗೆ. ಒಂದೂಕಾಲು ಬಂದದ್ದೇ ಆ ನಾಲ್ಕರಲ್ಲಿ ಅಗ್ಗದ ಪೆಟ್ಟಿಗೆ. ನಿಮ್ಮ ನಳಿಗೆಗೆ ಬೇರೆಯದೇ ರುಚಿ ಇರಬಹುದು. ಒಂದೊಂದು ಪೆಟ್ಟಿಗೆ ತಂದು ಹೊಡೆದೇ ನೋಡಬೇಕು. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಎರಡು ಗುಂಡು ಲೆಕ್ಕಕ್ಕಿಲ್ಲ, ನಳಿಗೆ ಹೊಂದಿಕೊಳ್ಳಲಿ ಅಂತ ಸುಮ್ನೆ ಹೊಡೆದೆ.

ಇಷ್ಟೂ ದಿನ ಪ್ರತಿ ಈಡಿನ ನಡುವೆ ಮೂರು ನಿಮಿಷ ಬಿಟ್ಟೆ, ರೈಫಲ್ ಮಡಚಿಟ್ಟು, ಗಾಳಿಯಾಡಲು. ಪಕ್ಕದ ಬೆಂಚಿನವರು ಮೂವತ್ತು ಗುಂಡು ಮುಗಿಸುವಷ್ಟರಲ್ಲಿ ನನ್ನದು ನಾಲ್ಕು. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯುವ ಅಭ್ಯಾಸ ಆಗಲೇ ಶುರುವಾಗಿದ್ದು.

ಸ್ಕೋಪನ್ನು 100 ಗಜದಲ್ಲಿ ಒಂದೂವರೆ ಇಂಚು ಮೇಲೆ ಬೀಳುವ ಹಾಗೆ ತಿರುಗಿಸಿ ಬಿಟ್ಟೆ. ಹಾಗಿದ್ದರೆ ಈ ತೋಟಾ 200 ಗಜದ ಹತ್ತಿರ ನೇರ ಗುರಿಗೆ ಬರುತ್ತದೆ. ನಾನು ಕೂರುವ ಕಾಡಿನಲ್ಲಿ 100 ಗಜವೇ ಕಾಣುವುದಿಲ್ಲ, ಆ ಮಾತು ಬೇರೆ.

ಒಂದೇ ಕಾಗದ

ಬೇಟೆಯಲ್ಲಿ ಐದು ಗುಂಡಿನ ಗುಂಪು ಯಾರಿಗೆ ಬೇಕು? ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಗುಂಡು ಎಲ್ಲಿಗೆ ಹೋಗುತ್ತದೆ, ಅಷ್ಟೇ ಪ್ರಶ್ನೆ. ಅದಕ್ಕೆ ಒಂದು ಕಾಗದ ಬೇರೆ ಇಟ್ಟೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮೂರನೇ ವಾರದವರೆಗೆ ರೇಂಜಿಗೆ ಹೋದ ಪ್ರತಿ ದಿನ ಮೊದಲ ಒಂದೇ ಗುಂಡು ಆ ಕಾಗದಕ್ಕೆ. ಪಕ್ಕದಲ್ಲಿ ತಾರೀಕು ಬರೆದು ಮಡಚಿ ಚೀಲದಲ್ಲಿ ಇಡುವುದು. ಮಳೆ ಬಂದ ದಿನವೂ ಹೋದೆ, ಕೈ ಮರಗಟ್ಟುವ ಚಳಿಯ ದಿನವೂ ಹೋದೆ.

ಎಂಟು ದಿನ, ಎಂಟು ಗುಂಡು. ಏಳು ಗುಂಡು ಒಂದೂಮುಕ್ಕಾಲು ಇಂಚಿನಲ್ಲಿ. ಎಂಟನೆಯದು ಅದರಿಂದ ಮೇಲೆ ಹೋಗಿ ಒಟ್ಟು ಎರಡೂಕಾಲು ಆಯಿತು. ಆ ದಿನ ಮರಳುಚೀಲ ಮನೆಯಲ್ಲಿ ಮರೆತು, ಬೆಂಚಿನ ಮೇಲಿದ್ದ ಮರದ ತುಂಡಿನ ಮೇಲೇ ರೈಫಲ್ ಇಟ್ಟಿದ್ದೆ. ಗಟ್ಟಿ ಜಾಗದ ಮೇಲಿಟ್ಟರೆ ರೈಫಲ್ ಮೇಲಕ್ಕೆ ಚಿಮ್ಮುತ್ತದೆ. ಕಾರಣ ಗೊತ್ತಿದ್ದರೂ ಆ ಗುಂಡನ್ನು ಲೆಕ್ಕದಿಂದ ತೆಗೆಯಲಿಲ್ಲ. ಕಾಡಿನಲ್ಲೂ ಚೀಲ ಇರುವುದಿಲ್ಲವಲ್ಲ. ಆವತ್ತೇ ಒಂದು ಹಳೇ ಉಣ್ಣೆ ಟೋಪಿ ಕೋಟಿನ ಜೇಬಿಗೆ ಹಾಕಿದೆ, ರೈಫಲ್ ಕೆಳಗೆ ಇಡಲಿಕ್ಕೆ.

ರೈಫಲ್ ಬಿಟ್ಟು ರಿಪೇರಿಗೆ ಹೋದ ದುಡ್ಡು: ಗನ್‌ಸ್ಮಿತ್ 70, ತೋಟಾ ಸುಮಾರು 300, ದ್ರಾವಣ, ಲಾಕ್‌ಟೈಟ್, ಉಪ್ಪುಕಾಗದ, ಎರಡು ಸೈಜಿನ ಓ-ರಿಂಗ್ ಸೇರಿ 40ರ ಹತ್ತಿರ. ಟಾರ್ಕ್ ಸ್ಕ್ರೂಡ್ರೈವರ್ ಗೆಳೆಯನದು, ಇನ್ನೂ ವಾಪಸ್ ಕೊಟ್ಟಿಲ್ಲ. ಇಷ್ಟು ದುಡ್ಡಿಗೆ ಹೊಸ ಬೋಲ್ಟ್ ರೈಫಲ್ ಬರುತ್ತಿತ್ತು ಅಂತ ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಬರುತ್ತಿತ್ತು, ನಿಜ.

ಸೀಸನ್ ಮೊದಲ ಶನಿವಾರ ಕಿತ್ತಳೆ ಟೋಪಿ, ಕಿತ್ತಳೆ ಜಾಕೆಟ್ ಹಾಕಿಕೊಂಡು ಐದೂವರೆಗೇ ಹೋಗಿ ಕೂತೆ. ಇಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಬಣ್ಣ ಕಾಣಲೇಬೇಕು. ಮಂಜು ಮಿಶ್ರಿತ ಮಳೆ. ಎಂಟೂ ಹತ್ತಕ್ಕೆ ಒಂದು ಹೆಣ್ಣು ಜಿಂಕೆ ಹೊರಬಂತು. ಹೆಣ್ಣಿನ ಲೈಸೆನ್ಸ್ ಬೇರೆ ತೆಗೆದಿಟ್ಟಿದ್ದೆ. ಅರವತ್ತು ಗಜ. ಬಿದ್ದ ಮರದ ಬೊಡ್ಡೆಯ ಮೇಲೆ ಉಣ್ಣೆ ಟೋಪಿ, ಟೋಪಿಯ ಮೇಲೆ ರೈಫಲ್‌ನ ಕೀಲು. ಕುದುರೆ ಎಳೆದ ಸದ್ದಿಗೆ ಜಿಂಕೆ ತಲೆ ಎತ್ತಿ ನಿಂತಿತು. ಒಂದೇ ಈಡು. ನಿಂತಲ್ಲಿಂದ ಇಪ್ಪತ್ತು ಹೆಜ್ಜೆ ಹೋಗಿ ಬಿತ್ತು.

ಭಾನುವಾರ ರೈಫಲ್ ಬಿಚ್ಚಿ ಒರೆಸಿದೆ. ದಿನವಿಡೀ ನೆಂದಿದ್ದರೂ ನೋಟು ತಿರುಪಿನವರೆಗೂ ಓಡಿತು, ಎಣ್ಣೆ ಕುಡಿದ ಮರ ಉಬ್ಬಿರಲಿಲ್ಲ. ರಬ್ಬರ್ ಉಂಗುರ ಮಾತ್ರ ಒಂದು ಕಡೆ ಚಪ್ಪಟೆಯಾಗಿತ್ತು. ತೆಗೆದು ಬಿಸಾಕಿ ಹೊಸದು ಹಾಕಿ, ಗೀರನ್ನು ಪೆನ್ಸಿಲ್ ಗುರುತಿಗೆ ತಂದೆ. ಪ್ಯಾಕೆಟ್‌ನಲ್ಲಿ ಇನ್ನೂ ಎಂಟಿವೆ.